ಅರವತ್ತಕ್ಕೆ ಅಂದಿದ್ದರು, ಅರವತ್ತಾರಕ್ಕೆ ಕೊಟ್ಟರು

ಪ್ರಶ್ನೆ: ಅಕ್ಕ, ನಮ್ಮ ಚಿಕ್ಕಮ್ಮ ಹುಟ್ಟಿದ್ದು 1955ರ ಆಗಸ್ಟಿನಲ್ಲಿ. ಮದುವೆಯಾಗಿ ಇಂಗ್ಲೆಂಡಿಗೆ ಹೋದವರು ಅಲ್ಲೊಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ವರ್ಷಗಟ್ಟಲೆ ದುಡಿದರು. ಹೆಂಗಸರಿಗೆ 60ಕ್ಕೆ ಸರ್ಕಾರದ ಪೆನ್ಷನ್ ಅಂತಲೇ ನಂಬಿದ್ದರು. ಕೈಗೆ ಬಂದಿದ್ದು 66ಕ್ಕೆ. ಚಿಕ್ಕಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಅಲ್ಲಿನ ಗೆಳತಿಯರು ಫೋನ್ ಮಾಡಿದಾಗಲೆಲ್ಲ ಪರಿಹಾರದ್ದೇ ಮಾತು. ನಮ್ಮ ಯಜಮಾನರು "ಗಂಡಸಿಗೂ ಹೆಂಗಸಿಗೂ ಒಂದೇ ವಯಸ್ಸು, ಅನ್ಯಾಯ ಏನು ಬಂತು?" ಅಂತಾರೆ. ದಿನಾ ಊಟದ ಹೊತ್ತಿಗೆ ಇದೇ ಜಗಳ. ಯಾರು ಸರಿ?
– ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಯಜಮಾನರು ಅರ್ಧ ಸರಿ ತಾಯಿ. ಉಳಿದರ್ಧ ಸ್ವಲ್ಪ ಉದ್ದ ಇದೆ, ಅವರಿಗೂ ಓದಿ ಹೇಳಿ.

ಆ ದೇಶದಲ್ಲಿ ಹೆಂಗಸರಿಗೆ 60 ಅನ್ನೋದು ಯಾರೋ ಸುಮ್ನೆ ಕೊಟ್ಟ ಉಡುಗೊರೆ ಅಲ್ಲ. ಮೊದಲು ಅವರಿಗೂ 65 ಇತ್ತು. ಬ್ರಾಡ್‌ಫರ್ಡ್ ಊರಿನ ಫ್ಲಾರೆನ್ಸ್ ವೈಟ್ ಎಂಬಾಕೆ 1935ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳ ಸಂಘ ಕಟ್ಟಿ, 55ಕ್ಕೇ ಪೆನ್ಷನ್ ಕೊಡಿ ಅಂತ ಪಟ್ಟು ಹಿಡಿದರು. 1940ರಲ್ಲಿ ಸರ್ಕಾರ 60ಕ್ಕೆ ಇಳಿಸಿತು. 1995ರಲ್ಲಿ ಇನ್ನೊಂದು ಕಾನೂನು ಬಂತು: 2010ರಿಂದ 2020ರ ಒಳಗೆ ಹೆಂಗಸರದ್ದೂ ಮೆಲ್ಲಗೆ ಮತ್ತೆ 65 ಆಗಬೇಕು. ಹದಿನೈದು ವರ್ಷ ಮುಂಚೆಯೇ ಹೇಳಿದ ಹಾಗಾಯಿತಲ್ಲ, ಅಲ್ಲಿಗೆ ನಿಮ್ಮ ಯಜಮಾನರೇ ಗೆದ್ದರು. ಆದರೆ 2011ರಲ್ಲಿ ಇನ್ನೊಂದು ಕಾನೂನು ತಂದು ಅವಸರ ಮಾಡಿದರು. 2018ರ ನವೆಂಬರಿಗೇ 65, 2020ರ ಅಕ್ಟೋಬರಿಗೆ ಎಲ್ಲರಿಗೂ 66. ನಿಮ್ಮ ಚಿಕ್ಕಮ್ಮನಿಗೆ ಮೊದಲ ಕಾನೂನು ಐದು ವರ್ಷ ದೂಡಿತು, ಎರಡನೆಯದು ಇನ್ನೊಂದು. ಕುಂಟೆಬಿಲ್ಲೆ ಆಡುವಾಗ ಕೊನೇ ಮನೆಗೆ ಕಾಲಿಡೋ ಹೊತ್ತಿಗೆ ಗೆರೆ ಅಳಿಸಿ ಮುಂದಕ್ಕೆ ಎಳೆದರೆ ಹೇಗಿರುತ್ತೆ?

ಅದಕ್ಕಿಂತ ದೊಡ್ಡ ತಪ್ಪು ಕಾಗದದ್ದು. 1995ರಲ್ಲಿ ಕಾನೂನು ಆಯಿತು. ಒಬ್ಬೊಬ್ಬರ ಹೆಸರಿಗೆ "ಅಮ್ಮಾ, ನಿನ್ನ ವಯಸ್ಸು ಬದಲಾಗಿದೆ" ಅಂತ ಪತ್ರ ಹಾಕಲು ಶುರು ಮಾಡಿದ್ದು 2009ರಲ್ಲಿ! ನಾನು ಮೈಸೂರಿನ ಅಂಚೆ ಕಚೇರಿಯ ಕೌಂಟರಿನಲ್ಲಿ 31 ವರ್ಷ ಕೂತವಳು. ತಡವಾದ ಕಾಗದ ಏನು ಮಾಡುತ್ತೆ ಅಂತ ನನಗೆ ಬೇರೆಯವರು ಹೇಳಬೇಕಿಲ್ಲ.

ಒಬ್ಬ ಅಜ್ಜಿ ಬರುತ್ತಿದ್ದರು. "ನಾಲ್ವಡಿ ಮಹಾರಾಜರು ತೀರಿಕೊಂಡಾಗ ನಾನು ನಮ್ಮವ್ವನ ಹೊಟ್ಟೇಲಿದ್ದೆ" ಅನ್ನೋರು. ಅಂದರೆ 1940. ಯಾರೋ ಮುಖ ನೋಡಿ ಅಂದಾಜಿಗೆ ಬರೆದುಕೊಂಡಿದ್ದರಿಂದ ಗುರುತಿನ ಚೀಟಿಯಲ್ಲಿ 1948ರ ಜನವರಿ ಒಂದು ಆಗಿತ್ತು. ಸಂಧ್ಯಾ ಸುರಕ್ಷಾ ಶುರುವಾದದ್ದು 2007ರಲ್ಲಿ, 65 ತುಂಬಿದವರಿಗೆ. ಅಜ್ಜಿಗೆ ಆಗಲೇ ತುಂಬಿತ್ತು, ಚೀಟಿಗೆ ತುಂಬಿರಲಿಲ್ಲ. 2013ರವರೆಗೂ ಕಾದರು. ಮೊದಲ ಮನಿಆರ್ಡರಿಗೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, "ನನಗಿಂತ ನನ್ನ ಚೀಟಿ ಎಳೇದು ಕಣವ್ವ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ನೋಡಿ, ಇಲ್ಲೂ ಆರು ವರ್ಷ, ಅಲ್ಲೂ ಆರು ವರ್ಷ.

ಈಗ ಪರಿಹಾರದ ಮಾತು. 1950ರ ದಶಕದಲ್ಲಿ ಹುಟ್ಟಿದ ಹೆಂಗಸರು ಕೋರ್ಟಿಗೆ ಹೋಗಿ 2019ರಲ್ಲಿ ಸೋತರು, 2020ರಲ್ಲಿ ಮೇಲ್ಮನವಿಯಲ್ಲೂ ಸೋತರು. ನಮ್ಮ ಲೋಕಾಯುಕ್ತಕ್ಕೆ ದೂರದ ನೆಂಟ ಅನ್ನಬಹುದಾದ ಓಂಬುಡ್ಸ್‌ಮನ್ ಮಾತ್ರ ಅವರ ಮಾತು ಕೇಳಿದರು. ಪತ್ರ ಹಾಕೋದರಲ್ಲಿ 28 ತಿಂಗಳು ತಡವಾಗಿದ್ದು ತಪ್ಪು, ಒಬ್ಬೊಬ್ಬರಿಗೆ 1,000ದಿಂದ 2,950 ಪೌಂಡ್ ಕೊಡಿ ಅಂತ 2024ರ ಮಾರ್ಚಿನಲ್ಲಿ ಹೇಳಿದರು. ಅದೇ ಡಿಸೆಂಬರಿನಲ್ಲಿ ಸರ್ಕಾರ ತಡವಾದದ್ದಕ್ಕೆ ಕ್ಷಮೆ ಕೇಳಿತು, ದುಡ್ಡು ಕೊಡಲ್ಲ ಅಂದಿತು. ಕ್ಷಮೆ ತಗೊಂಡು ಅಂಗಡಿಗೆ ಹೋದರೆ ಅರ್ಧ ಕೆ.ಜಿ. ಬೇಳೆ ಬರುತ್ತಾ? ಹಾಗಾಗಿ "ಪರಿಹಾರ ಕೊಡಿಸ್ತೀವಿ, ಫೀಸು ಕಟ್ಟಿ" ಅಂತ ಫೋನ್ ಬಂದರೆ ಚಿಕ್ಕಮ್ಮ ಒಂದು ರೂಪಾಯಿಯನ್ನೂ ಕೊಡಬಾರದು.

ಇನ್ನೆರಡು ವಿಷಯ ಅವರಿಗೆ ತಿಳಿದಿರಲಿ. ಭಾರತದಲ್ಲಿ ನೆಲೆಸಿದವರಿಗೆ ಆ ಪೆನ್ಷನ್ ವರ್ಷವರ್ಷ ಏರೋದಿಲ್ಲ, ಬಂದಾಗ ಎಷ್ಟಿತ್ತೋ ಅಷ್ಟೇ. ಮತ್ತೆ, ಬದುಕಿದ್ದೀರಾ ಅಂತ ಕೇಳುವ ಫಾರಂ ಅಲ್ಲಿಂದ ಅಂಚೆಯಲ್ಲಿ ಬರುತ್ತೆ. ಸಾಕ್ಷಿ ಸಹಿ ಹಾಕಿಸಿ ವಾಪಸ್ ಕಳಿಸದಿದ್ದರೆ ದುಡ್ಡು ನಿಲ್ಲುತ್ತೆ. ವಿಳಾಸ ಬದಲಾಗಿದ್ದರೆ ಇವತ್ತೇ ತಿಳಿಸಿ.

ಪ್ರಶ್ನೆ: ನಾನು ಮದ್ದೂರಿನ ಹತ್ತಿರ ಗಾರ್ಮೆಂಟ್ಸಿನಲ್ಲಿ ಟೈಲರ್. ಸರ್ವೀಸು 9 ವರ್ಷ 4 ತಿಂಗಳು. ಮಗಳ ಮದುವೆ ಇದೆ. ಕೆಲಸ ಬಿಟ್ಟು ಪಿ.ಎಫ್. ಪೂರ್ತಿ ತೆಗೆಸೋಣ ಅಂತಿದ್ದೀನಿ. ಪೆನ್ಷನ್ ಎಲ್ಲ ನಮ್ಮಂಥವರಿಗೆ ಎಲ್ಲಿ ಬರುತ್ತೆ?

ಉತ್ತರ: ಬರುತ್ತೆ ಕಣಮ್ಮ, ಅವಸರ ಮಾಡಬೇಡ! ಪೆನ್ಷನ್ನಿಗೆ 10 ವರ್ಷ ಸರ್ವೀಸು ಬೇಕು. ಆರು ತಿಂಗಳು ಮೇಲಾದರೆ ಅದನ್ನು ಒಂದು ವರ್ಷ ಅಂತಲೇ ಲೆಕ್ಕ ಹಿಡೀತಾರೆ. ಅಂದರೆ ನಿನಗೆ ಕಡಿಮೆ ಇರೋದು ಎರಡೇ ತಿಂಗಳು. ಸಂಬಳ ಇಲ್ಲದ ರಜೆ ಹಾಕಿದ ದಿನ ಕಳೆದುಹೋಗುತ್ತೆ, ಅದಕ್ಕೆ ಇನ್ನು ನಾಲ್ಕೈದು ತಿಂಗಳು ಇರು. 12,000 ಸಂಬಳದ ಮೇಲೆ 10 ವರ್ಷಕ್ಕೆ, 58 ತುಂಬಿದ ಮೇಲೆ ತಿಂಗಳಿಗೆ ಸುಮಾರು 1,714 ರೂಪಾಯಿ. ಜಾಸ್ತಿ ಏನಲ್ಲ. ಆದರೆ ಯಾರ ಮುಂದೆಯೂ ಕೈ ಚಾಚದೆ ಬರೋ ದುಡ್ಡು. ಮದುವೆ ಖರ್ಚಿಗೆ ಕೆಲಸ ಬಿಡದೆಯೇ ಪಿ.ಎಫ್.ನಲ್ಲಿ ಒಂದು ಭಾಗ ತೆಗೆಯಬಹುದು, ಅದನ್ನು ಮಾಡು.

ನಿಮ್ಮಂಥ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಅಲ್ವಾ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗೆ ಇಳಿದಿದ್ದು? ಮಾಲೀಕರ ಪಾಲಿನ ಪಿ.ಎಫ್. 58ರವರೆಗೆ ಕೊಡಲ್ಲ ಅಂತ ಕೇಂದ್ರ ನಿಯಮ ಮಾಡಿತ್ತು. ಎರಡೇ ದಿನಕ್ಕೆ ವಾಪಸ್ ತಗೊಂಡರು. ಇಂಗ್ಲೆಂಡಿನವರಿಗೆ ಆಗದ್ದು!

ಲೆಕ್ಕ ಸರಿ ಇದೆಯಾ ಅಂತ ನೋಡಬೇಕಿದ್ದರೆ ಪಾಸ್‌ಬುಕ್ಕಿನ ಜೆರಾಕ್ಸ್ ಕಳಿಸು. ಪಾಸ್‌ವರ್ಡ್ ಮಾತ್ರ ಬರೆದು ಕಳಿಸಬೇಡ. ಹೋದ ತಿಂಗಳು ಇಬ್ಬರು ಕಳಿಸಿದ್ದರು, ಅದೂ ಪೋಸ್ಟ್ ಕಾರ್ಡಿನಲ್ಲಿ.