ಗ್ರಾಹಕರಿಗೆ ಕ್ಲೌಡ್ ಸರ್ವರ್ ಒದಗಿಸುವ ಕೆಲಸಕ್ಕೆ ಏರ್‌ಫ್ಲೋ, ಟೆಂಪೊರಲ್, ಕುಬರ್ನೆಟಿಸ್ ಆಪರೇಟರ್: ಯಾವುದು ಸೂಕ್ತ?

ಕಾರವಾರದಿಂದ ನೀವು ಕೇಳಿರುವ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ನಿಮ್ಮ ಕಂಪನಿ ಪ್ರತಿ ಗ್ರಾಹಕರಿಗೂ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಪ್ರತ್ಯೇಕ ನೆಟ್‌ವರ್ಕ್, ಡೇಟಾಬೇಸ್, ಡಿಎನ್‌ಎಸ್ ಹೆಸರು (ಇಂಟರ್ನೆಟ್ ವಿಳಾಸ) ಮತ್ತು ಸರ್ಟಿಫಿಕೇಟ್ ಒದಗಿಸುತ್ತದೆ, ಸದ್ಯ ಇದೆಲ್ಲ ನಿಗದಿತ ವೇಳೆಗೆ ತಾನಾಗಿ ಓಡುವ ಒಂದು ಕ್ರಾನ್ ಸ್ಕ್ರಿಪ್ಟ್ ಮತ್ತು ಟೇಬಲಿನ ಒಂದು ‘ಸ್ಟೇಟಸ್’ ಕಾಲಮಿನ ಮೇಲೆ ನಡೆಯುತ್ತಿದೆ, ಸ್ಕ್ರಿಪ್ಟ್ ನಡುವೆ ನಿಂತುಹೋದಾಗ ಅರೆಬರೆ ಸೃಷ್ಟಿಯಾದ ಡೇಟಾಬೇಸ್‌ಗಳು ಹಾಗೆಯೇ ಉಳಿದು ಬಿಲ್ ಏರುತ್ತದೆ. ಶಿರಸಿಯ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಇಂಥದೇ ಕಂಟ್ರೋಲ್ ಪ್ಲೇನ್ (ಸರ್ವರ್‌ಗಳನ್ನು ಸೃಷ್ಟಿಸಿ ನಿರ್ವಹಿಸುವ ವ್ಯವಸ್ಥೆ) ನೋಡಿಕೊಳ್ಳುವವನಾಗಿ ಉತ್ತರಿಸುತ್ತಿದ್ದೇನೆ.

ಏರ್‌ಫ್ಲೋವನ್ನು ಮೊದಲೇ ಪಕ್ಕಕ್ಕಿಡಿ. 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಹುಟ್ಟಿದ ಅದು ನಿಗದಿತ ವೇಳೆಗೆ ಡೇಟಾ ಸಾಗಿಸುವ ಕೆಲಸಗಳಿಗೆ ಒಗ್ಗುತ್ತದೆಯೇ ಹೊರತು, ಗ್ರಾಹಕರು ಬಟನ್ ಒತ್ತಿದ ಕೂಡಲೇ ಶುರುವಾಗಬೇಕಾದ ಕೆಲಸಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಉಳಿದ ಎರಡರಲ್ಲಿ ಒಂದನ್ನು ಆರಿಸುವ ಮೊದಲು ನಿಮ್ಮ ಕೆಲಸಗಳನ್ನೇ ಎರಡಾಗಿ ವಿಂಗಡಿಸಬೇಕು. ಡೇಟಾಬೇಸ್ ಸೃಷ್ಟಿಸುವುದು, ದೊಡ್ಡದು ಮಾಡುವುದು, ಅಳಿಸುವುದು ಇವೆಲ್ಲ ಆರಂಭ ಮತ್ತು ಕೊನೆ ಎರಡೂ ಇರುವ ಕೆಲಸಗಳು. ಇವುಗಳಿಗೆ ಹೆಜ್ಜೆಗಳನ್ನು ಕ್ರಮವಾಗಿ ನಡೆಸಿ ಮುಗಿಸುವ ವರ್ಕ್‌ಫ್ಲೋ ಎಂಜಿನ್ ಬೇಕು. ಆದರೆ ಫೈರ್‌ವಾಲ್ ನಿಯಮಗಳು ನಾವು ಬರೆದಂತೆಯೇ ಇವೆಯೇ ಎಂದು ನೋಡುತ್ತಿರುವ ಕೆಲಸಕ್ಕೆ ಕೊನೆಯೇ ಇಲ್ಲ. ಯಾರೋ ಕನ್ಸೋಲ್‌ಗೆ ಹೋಗಿ ಕೈಯಾರೆ ಒಂದು ಪೋರ್ಟ್ ತೆರೆದರೆ, ನಿನ್ನೆಯೇ ಮುಗಿದುಹೋದ ವರ್ಕ್‌ಫ್ಲೋಗೆ ಅದು ತಿಳಿಯುವ ದಾರಿಯಿಲ್ಲ; ಇರಬೇಕಾದ ಸ್ಥಿತಿಯನ್ನೂ ಇರುವ ಸ್ಥಿತಿಯನ್ನೂ ಮತ್ತೆ ಮತ್ತೆ ಹೋಲಿಸಿ ಸರಿಪಡಿಸುವ ಆಪರೇಟರ್‌ಗೆ (ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ನಡೆಸುವ ಕುಬರ್ನೆಟಿಸ್‌ನೊಳಗಿನ ಪ್ರೋಗ್ರಾಂಗೆ) ಮಾತ್ರ ತಿಳಿಯುತ್ತದೆ. ನೀವು ವಿವರಿಸಿದ ತೊಂದರೆಗಳೆಲ್ಲ ಮೊದಲನೆಯ ಬಗೆಯವಾದ್ದರಿಂದ ಟೆಂಪೊರಲ್‌ನಂಥ ಎಂಜಿನ್ ಸರಿ ಎಂಬುದು ನನ್ನ ಅಭಿಪ್ರಾಯ.

ಉಬರ್‌ನಲ್ಲಿ ರೂಪುಗೊಂಡ ಕೇಡೆನ್ಸ್ ಎಂಬ ಯೋಜನೆಯಿಂದ ಕವಲೊಡೆದು 2019ರಲ್ಲಿ ಬಂದ ಟೆಂಪೊರಲ್, ಸ್ಟೇಟಸ್ ಕಾಲಮಿನ ಬದಲು ಪ್ರತಿ ಹೆಜ್ಜೆಯ ದಾಖಲೆಯನ್ನೇ ಇಟ್ಟುಕೊಳ್ಳುತ್ತದೆ. ನಮ್ಮ ಅಡಿಕೆ ದಲಾಲಿ ಅಂಗಡಿಗಳಲ್ಲಿ ಬಾಕಿ ಮೊತ್ತವನ್ನಷ್ಟೇ ನೋಡಿದವರಿಗೆ ಅದು ಹೇಗೆ ಬಂತೆಂದು ಹೇಳಲಾಗದು, ಕಿರ್ದಿ ತೆರೆದವರಿಗೆ ಮಾತ್ರ ವ್ಯವಹಾರ ಎಲ್ಲಿಗೆ ನಿಂತಿದೆಯೆಂದು ಗೊತ್ತಾಗುತ್ತದೆ. ಟೆಂಪೊರಲ್ ಇಡುವ ದಾಖಲೆ, ಅಂದರೆ ಇವೆಂಟ್ ಹಿಸ್ಟರಿ, ಆ ಕಿರ್ದಿಯೇ. ಹೆಜ್ಜೆಗಳನ್ನು ನಡೆಸುವ ಪ್ರೋಗ್ರಾಂ ಆದ ಒಂದು ವರ್ಕರ್ ಸತ್ತರೆ ಇನ್ನೊಂದು ವರ್ಕರ್ ಹಿಸ್ಟರಿಯನ್ನು ಮೊದಲಿನಿಂದ ಓದಿಕೊಂಡು, ಮುಗಿದ ಹೆಜ್ಜೆಗಳನ್ನು ಮತ್ತೆ ಮಾಡದೆ, ನಿಂತಲ್ಲಿಂದ ಮುಂದುವರಿಯುತ್ತದೆ. ಹೀಗೆ ಮರಳಿ ಓದುವುದರಿಂದಲೇ ವರ್ಕ್‌ಫ್ಲೋ ಕೋಡಿನೊಳಗೆ ನೇರವಾಗಿ ಗಡಿಯಾರ ನೋಡುವುದಾಗಲಿ, ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವುದಾಗಲಿ ಸಲ್ಲದು. ಅರ್ಧಕ್ಕೆ ಬಂದಿರುವ ವರ್ಕ್‌ಫ್ಲೋಗಳಿರುವಾಗ ಹೆಜ್ಜೆಗಳ ಕ್ರಮ ಬದಲಿಸಿ ಹೊಸ ಕೋಡ್ ಹಾಕುವುದೂ ಸಲ್ಲದು, ವರ್ಷನ್ ಗುರುತು ಹಾಕಿಯೇ ಬದಲಿಸಬೇಕು.

ಆದರೆ ಎಂಜಿನ್ ಬಂದ ಮಾತ್ರಕ್ಕೆ ಅನಾಥ ಡೇಟಾಬೇಸ್‌ಗಳು ಹುಟ್ಟುವುದು ನಿಲ್ಲುವುದಿಲ್ಲ. ಡೇಟಾಬೇಸ್ ಸೃಷ್ಟಿಸುವ ಹೆಜ್ಜೆಯೊಂದನ್ನೇ ತೆಗೆದುಕೊಳ್ಳಿ. ವರ್ಕರ್ ಕ್ಲೌಡಿಗೆ ವಿನಂತಿ ಕಳಿಸಿತು, ಕ್ಲೌಡ್ ಕೆಲಸ ಆರಂಭಿಸಿತು, ಉತ್ತರ ಕೈಸೇರುವ ಮೊದಲೇ ವರ್ಕರ್ ಸತ್ತಿತು. ಹಿಸ್ಟರಿಯಲ್ಲಿ ಹೆಜ್ಜೆ ಆರಂಭವಾದದ್ದು ಕಾಣುತ್ತದೆ, ಮುಗಿದದ್ದು ಕಾಣುವುದಿಲ್ಲ. ಹಾಗಾಗಿ ಟೈಮ್‌ಔಟ್ ಆದ ಮೇಲೆ ಎಂಜಿನ್ ಅದೇ ಹೆಜ್ಜೆಯನ್ನು ಮತ್ತೊಮ್ಮೆ ನಡೆಸುತ್ತದೆ. ಆಗ ಎರಡನೆಯ ಡೇಟಾಬೇಸ್ ಹುಟ್ಟದಂತೆ ತಡೆಯುವುದು ನೀವು ಬರೆಯುವ ಕೋಡಿನ ಹೊಣೆ. ಎಡಬ್ಲ್ಯೂಎಸ್‌ನ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಒಂದು ಖಾತೆಯ ಒಂದು ರೀಜನ್ನಿನೊಳಗೆ (ಭೌಗೋಳಿಕ ವಲಯದೊಳಗೆ) ಒಂದೇ ಹೆಸರಿನ ಎರಡು ಇನ್‌ಸ್ಟೆನ್ಸ್ ಇರಲಾರವು. ಆದ್ದರಿಂದ ಹೆಸರನ್ನು ಗ್ರಾಹಕರ ಐಡಿಯಿಂದಲೇ ಕಟ್ಟಿ, ‘ಈ ಹೆಸರಿನದು ಈಗಾಗಲೇ ಇದೆ’ ಎಂಬ ಎರರ್ ಬಂದರೆ, ಟ್ಯಾಗ್ ನೋಡಿ ಅದು ನಮ್ಮದೇ ಎಂದು ಖಚಿತಪಡಿಸಿಕೊಂಡು, ಯಶಸ್ಸೆಂದೇ ಪರಿಗಣಿಸಬೇಕು. ಎಡಬ್ಲ್ಯೂಎಸ್‌ನ ಬಾಡಿಗೆ ಸರ್ವರ್‌ಗಳಾದ ಇಸಿ2ಗಾದರೆ ವಿನಂತಿಯೊಡನೆ ಕ್ಲೈಂಟ್ ಟೋಕನ್ (ಇದು ಅದೇ ವಿನಂತಿ ಎಂದು ಗುರುತಿಸುವ ಸಂಕೇತ) ಕಳಿಸುವ ಅನುಕೂಲವಿದೆ. ಆ ಟೋಕನನ್ನು ಆಕ್ಟಿವಿಟಿಯ (ಟೆಂಪೊರಲ್‌ನಲ್ಲಿ ಒಂದು ಹೆಜ್ಜೆಯ ಹೆಸರು) ಒಳಗೆ ಹೊಸದಾಗಿ ಹುಟ್ಟಿಸಬಾರದು, ಏಕೆಂದರೆ ಪ್ರತಿ ಮರುಪ್ರಯತ್ನಕ್ಕೂ ಬೇರೆ ಟೋಕನ್ ಹೋಗಿ ಪ್ರತಿ ಬಾರಿಯೂ ಹೊಸ ಸರ್ವರ್ ಏಳುತ್ತದೆ. ಡೇಟಾಬೇಸ್ ಸಿದ್ಧವಾಗಲು ಹಲವು ನಿಮಿಷಗಳೇ ಬೇಕಾಗುವುದರಿಂದ, ವಿನಂತಿ ಕಳಿಸುವುದನ್ನೂ ಸಿದ್ಧವಾಯಿತೇ ಎಂದು ವಿಚಾರಿಸುವುದನ್ನೂ ಎರಡು ಬೇರೆ ಹೆಜ್ಜೆಗಳನ್ನಾಗಿ ಮಾಡಿ.

ಮರುಪ್ರಯತ್ನದ ವಿಷಯದಲ್ಲಿ ಟೆಂಪೊರಲ್‌ನ ಡೀಫಾಲ್ಟ್ ತುಸು ಹಟಮಾರಿ: 1 ಸೆಕೆಂಡಿನಿಂದ ಶುರುಮಾಡಿ, ಪ್ರತಿ ಬಾರಿ ಅಂತರ ಇಮ್ಮಡಿಗೊಳಿಸುತ್ತ 100 ಸೆಕೆಂಡಿಗೆ ತಲುಪಿ, ಅಲ್ಲಿಂದ ಮುಂದೆ ಮಿತಿಯಿಲ್ಲದೆ ಪ್ರಯತ್ನಿಸುತ್ತಲೇ ಇರುತ್ತದೆ. ಕೋಟಾ ಮುಗಿದಿದೆ, ಅನುಮತಿಯಿಲ್ಲ ಎಂಬಂಥ ಎರರ್‌ಗಳನ್ನು ಮರುಪ್ರಯತ್ನ ಬೇಡದವುಗಳ ಪಟ್ಟಿಗೆ ಸೇರಿಸಿ, ತಕ್ಷಣ ನಿಮಗೆ ಅಲರ್ಟ್ ಬರುವಂತೆ ಮಾಡಿಕೊಳ್ಳಿ.

ಒಂದೇ ಸಂಪನ್ಮೂಲದ ಮೇಲೆ ಎರಡು ವರ್ಕ್‌ಫ್ಲೋಗಳು ಏಕಕಾಲಕ್ಕೆ ಕೈಹಾಕುವುದು ಇದಕ್ಕಿಂತ ಅಪಾಯಕಾರಿ. ಭಾರತೀಯ ಕಾಲಮಾನದಲ್ಲಿ 2025ರ ಅಕ್ಟೋಬರ್ 20ರ ಮಧ್ಯಾಹ್ನ ಎಡಬ್ಲ್ಯೂಎಸ್‌ನ ಉತ್ತರ ವರ್ಜೀನಿಯಾ ರೀಜನ್ ಕುಸಿದದ್ದು ಇಂಥದೇ ಕಾರಣಕ್ಕೆ. ಎಡಬ್ಲ್ಯೂಎಸ್‌ನ ಇನ್ನೊಂದು ಡೇಟಾಬೇಸ್ ಸೇವೆಯಾದ ಡೈನಮೊಡಿಬಿಯ ಡಿಎನ್‌ಎಸ್ ನಿರ್ವಹಿಸುವ ಸ್ವಯಂಚಾಲಿತ ವ್ಯವಸ್ಥೆಯಲ್ಲಿ, ತಡವಾಗಿ ಸಾಗುತ್ತಿದ್ದ ಒಂದು ಪ್ರಕ್ರಿಯೆ ಹಳೆಯ ಯೋಜನೆಯನ್ನು (ಹೆಸರು ಯಾವ ಸರ್ವರ್‌ಗಳಿಗೆ ಹೋಗಬೇಕೆಂಬ ಪಟ್ಟಿಯನ್ನು) ಹೊಸದರ ಮೇಲೆ ಬರೆಯಿತು. ಅಷ್ಟರಲ್ಲಿ ಇನ್ನೊಂದು ಪ್ರಕ್ರಿಯೆ ಹಳೆಯ ಯೋಜನೆಗಳನ್ನು ಗುಡಿಸಿಹಾಕುವಾಗ ಅದನ್ನೂ ಅಳಿಸಿತು. ರೀಜನ್ನಿನ ಡಿಎನ್‌ಎಸ್ ದಾಖಲೆಯೇ ಖಾಲಿಯಾಗಿ, ಮನುಷ್ಯರೇ ಕೈಯಾರೆ ಸರಿಪಡಿಸಬೇಕಾಯಿತು. ಡೈನಮೊಡಿಬಿ ಮರಳಿದ ಮೇಲೂ ಇಸಿ2ರ ಡ್ರಾಪ್ಲೆಟ್ ವರ್ಕ್‌ಫ್ಲೋ ಮ್ಯಾನೇಜರ್ ಎಂಬ ಭಾಗ ಏಳಲಿಲ್ಲ, ಏಕೆಂದರೆ ಬಾಕಿ ಕೆಲಸ ಎಷ್ಟು ಗುಡ್ಡೆಬಿದ್ದಿತ್ತೆಂದರೆ ಒಂದೊಂದೂ ಮುಗಿಯುವ ಮೊದಲೇ ಅದರ ವೇಳೆ ಮೀರಿ ಮತ್ತೆ ಸರದಿಗೆ ಸೇರುತ್ತಿತ್ತು. ನಿಮ್ಮ ಗಾತ್ರದಲ್ಲಿ ಇದಕ್ಕೆ ಸರಳ ಉಪಾಯವಿದೆ: ಒಂದು ನೇಮ್‌ಸ್ಪೇಸ್‌ನಲ್ಲಿ (ಟೆಂಪೊರಲ್‌ನೊಳಗಿನ ಪ್ರತ್ಯೇಕ ವಿಭಾಗದಲ್ಲಿ) ಒಂದೇ ಐಡಿಯ ಎರಡು ವರ್ಕ್‌ಫ್ಲೋಗಳು ಒಟ್ಟಿಗೆ ಚಾಲನೆಯಲ್ಲಿರಲು ಟೆಂಪೊರಲ್ ಬಿಡುವುದಿಲ್ಲವಾದ್ದರಿಂದ, ಗ್ರಾಹಕರ ಐಡಿಯನ್ನೇ ವರ್ಕ್‌ಫ್ಲೋ ಐಡಿಯನ್ನಾಗಿಸಿ, ಕ್ಲೌಡ್ ಎಪಿಐ ಕರೆಗಳಿಗೆ ವೇಗದ ಮಿತಿ ಹಾಕಿ.

ಎಂಜಿನನ್ನು ಅದು ಸೃಷ್ಟಿಸುವ ಸರ್ವರ್‌ಗಳ ಮೇಲೆಯೇ ನಡೆಸಬೇಡಿ. ಅದರ ದಾಖಲೆಗಳನ್ನಿಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಕು, ಆದರೆ ಹಿಸ್ಟರಿ ಶಾರ್ಡ್‌ಗಳ (ಹಿಸ್ಟರಿಯನ್ನು ಹಂಚಿಡುವ ಭಾಗಗಳ) ಸಂಖ್ಯೆಯನ್ನು ಆರಂಭದಲ್ಲಿ ಒಮ್ಮೆ ನಿಗದಿಪಡಿಸಿದ ಮೇಲೆ ಬದಲಿಸಲಾಗದು ಎಂಬುದನ್ನು ನೆನಪಿಡಿ. ತಿಂಗಳಿಗೆ ಬೆರಳೆಣಿಕೆಯ ಗ್ರಾಹಕರಷ್ಟೇ ಸೇರುತ್ತಿದ್ದರೆ ಇಷ್ಟೆಲ್ಲ ಬೇಕಿಲ್ಲ. ಪೋಸ್ಟ್‌ಗ್ರೆಸ್‌ನಲ್ಲೇ ಪ್ರತಿ ಹೆಜ್ಜೆಗೊಂದು ಸಾಲು ಬರೆಯುವ ಟೇಬಲ್ ಮತ್ತು ಒಂದು ಸಣ್ಣ ವರ್ಕರ್ ಸಾಕು. ಸಿಕ್ಕಿಬಿದ್ದಾಗ ಲ್ಯಾಪ್‌ಟಾಪಿನಿಂದಲೇ ಸ್ಕ್ರಿಪ್ಟ್ ಓಡಿಸುತ್ತೇನೆ ಎಂದು ಬರೆದಿದ್ದೀರಿ. ಆಷಾಢದ ಮಳೆಗೆ ನಮ್ಮ ಜಿಲ್ಲೆಯಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಹೇಗಿರುತ್ತವೆಂದು ನಿಮಗೆ ಹೇಳಬೇಕಿಲ್ಲ, ಅದನ್ನಂತೂ ಇಂದೇ ಬಿಡಿ.

ಅಳಿಸುವ ವರ್ಕ್‌ಫ್ಲೋವನ್ನು ಕೊನೆಗೆ ಬರೆಯಿರಿ, ಬೇರೆಯಾಗಿಯೇ ಬರೆಯಿರಿ. ಸೃಷ್ಟಿ ವಿಫಲವಾದಾಗ ಹಿಂದಿನ ಹೆಜ್ಜೆಗಳನ್ನು ತಿರುವುಮುರುವಾಗಿ ರದ್ದುಮಾಡುತ್ತ ಬರುವ ಕ್ರಮ ನೆಟ್‌ವರ್ಕ್, ಡಿಎನ್‌ಎಸ್‌ಗಳಿಗೆ ಸರಿ. ಗ್ರಾಹಕರ ಡೇಟಾ ಒಮ್ಮೆ ಒಳಬಂದ ಡೇಟಾಬೇಸ್‌ಗೆ ಮಾತ್ರ, ವರ್ಕ್‌ಫ್ಲೋ ಸ್ನಾಪ್‌ಶಾಟ್ ತೆಗೆದು ಅಲ್ಲಿಯೇ ನಿಂತು, ನಿಮ್ಮಲ್ಲೊಬ್ಬರು ಒಪ್ಪಿಗೆಯ ಸಿಗ್ನಲ್ ಕಳಿಸುವವರೆಗೆ ಕಾಯುವಂತಿರಲಿ.