ಮನಸ್ಸು ನಿಲ್ಲದಿದ್ದರೆ ಪೂಜೆ ಬಿಡಬೇಕೆ?

ರಾಜರಾಜೇಶ್ವರಿ ನಗರದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ: "ಬೆಳಿಗ್ಗೆ ದೀಪ ಹಚ್ಚಿ 108 ಸಲ ಪಂಚಾಕ್ಷರಿ ಜಪಿಸುವುದು ನಮ್ಮ ತಂದೆಯ ಕಾಲದಿಂದ ಬಂದ ರೂಢಿ. ಈಗ ಕಣ್ಣು ಮುಚ್ಚಿದರೆ ಎಲೆಕ್ಟ್ರಾನಿಕ್ ಸಿಟಿಯ ಆಫೀಸು ಕಾಣುತ್ತದೆ. ಫೋನು ಗುಂಯ್ ಎನ್ನುತ್ತದೆ, ಎಣಿಕೆ ತಪ್ಪುತ್ತದೆ, ದೀಪವೂ ನಡುವೆ ಆರಿಹೋಗುತ್ತದೆ. ಮನಸ್ಸಿಲ್ಲದ ಪೂಜೆ ಬರೀ ಸೋಗಲ್ಲವೇ? ಕಾಯಕವೇ ಕೈಲಾಸ ಎಂದುಕೊಂಡು ಕೆಲಸವನ್ನೇ ನಿಷ್ಠೆಯಿಂದ ಮಾಡಿದರೆ ಸಾಲದೇ?"

ಸಾಲದು, ಸ್ವಾಮಿ.

ಕೆಲಸದಲ್ಲಿ ಕಳ್ಳಾಟವಾಡಿ ದೇವರ ಮುಂದೆ ಜೋರಾಗಿ ಗಂಟೆ ಬಾರಿಸುವವರಿಗಿಂತ ನೀವು ಎಷ್ಟೋ ಮೇಲು, ಒಪ್ಪಿದೆ. ಕಾಯಕದಲ್ಲಿ ತೊಡಗಿದವನು ಗುರು ಬಂದರೂ, ಲಿಂಗಪೂಜೆಯಿದ್ದರೂ ಮರೆಯಬೇಕು, ಕಾಯಕವೇ ಕೈಲಾಸ ಎಂದವನು ಶರಣ ಆಯ್ದಕ್ಕಿ ಮಾರಯ್ಯನೇ. ಆದರೆ ಅವನ ಕಥೆಯ ಉಳಿದರ್ಧವನ್ನೂ ಓದಿ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಇವತ್ತಿಗೆ ಇಷ್ಟು ಸಾಕು ಎನ್ನುವವರು ಮನೆಯಲ್ಲಿದ್ದರಷ್ಟೇ ಅದು ಕಾಯಕ. ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಚ್ಚಲು ಬಿಡದ ನೌಕರಿಗೆ 12ನೇ ಶತಮಾನದ ಶರಣರನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ.

ಇನ್ನು ನಿಮ್ಮ ಮುಖ್ಯ ಅಳುಕು, ಮನಸ್ಸು ನಿಲ್ಲುವುದಿಲ್ಲ ಎಂಬುದು. ನಿಲ್ಲುವುದಿಲ್ಲ ಎಂದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಪೂಜೆಯ ಕೊನೆಗೆ ದಿನವೂ ಹೇಳುವ ಕ್ಷಮಾಪಣೆಯ ಶ್ಲೋಕ ನೋಡಿ: ಮಂತ್ರಹೀನಂ, ಕ್ರಿಯಾಹೀನಂ, ಭಕ್ತಿಹೀನಂ. ಭಕ್ತಿಯೇ ಇಲ್ಲದೆ ಮಾಡಿದೆ ಎಂಬ ಒಪ್ಪಿಗೆಯನ್ನು ಪೂಜೆಯೊಳಗೇ ಸೇರಿಸಿಟ್ಟಿದ್ದಾರೆ, ಅದೂ ಎಲ್ಲರಿಗೂ, ಎಲ್ಲ ದಿನಕ್ಕೂ. ಸಂಧ್ಯಾವಂದನೆಯಲ್ಲಿ ಸೂರ್ಯನಿಗೆ ನೀರು ಬಿಡುವ ಅರ್ಘ್ಯ ಮೂರು; ಹೊತ್ತು ಮೀರಿದ್ದರೆ ಪ್ರಾಯಶ್ಚಿತ್ತಕ್ಕೆಂದು ಇನ್ನೊಂದು. ತಡವಾಯಿತು, ಇವತ್ತು ಬೇಡ ಎಂದು ಯಾರೂ ಹೇಳಿಲ್ಲ. ನಮಾಜಿನಲ್ಲಿ ಎಷ್ಟನೇ ರಕಾತ್, ಅಂದರೆ ಎಷ್ಟನೇ ಸುತ್ತು, ಎಂಬುದು ಮರೆತರೆ ಕೊನೆಗೆ ಎರಡು ಸಜ್ದಾ, ಹಣೆ ನೆಲಕ್ಕೂರುವ ವಂದನೆ, ಹೆಚ್ಚಿಗೆ ಮಾಡಿ ಮುಗಿಸುವ ಕ್ರಮವಿದೆ. ಮನಸ್ಸು ಗಾಳಿಯಂತೆ, ಹಿಡಿಯುವುದು ಹೇಗೆ ಎಂದು ಅರ್ಜುನ ಗೀತೆಯ ಆರನೇ ಅಧ್ಯಾಯದಲ್ಲಿ ಗೊಣಗಿದಾಗ ಕೃಷ್ಣ ಅಲ್ಲಗಳೆಯಲಿಲ್ಲ. ಕಷ್ಟ ಹೌದು ಎಂದೇ ಶುರುಮಾಡಿ, ಅಭ್ಯಾಸದಿಂದ, ವೈರಾಗ್ಯದಿಂದ ಆಗುತ್ತದೆ ಎಂದ. ಇವರೆಲ್ಲ ಮರೆಯುವ ಮನುಷ್ಯನನ್ನು ಕಣ್ಣಮುಂದೆ ಇಟ್ಟುಕೊಂಡೇ ವಿಧಿ ಕಟ್ಟಿದವರು. ಮನಸ್ಸಿಲ್ಲದ ಪೂಜೆ ಬರೀ ಸೋಗು ಎನ್ನುವ ನಿಮ್ಮ ಪ್ರಾಮಾಣಿಕತೆಯಲ್ಲಿ, ಬೇಸರ ಮಾಡಿಕೊಳ್ಳಬೇಡಿ, ಒಂದು ತೊಲ ಜಂಭವಿದೆ.

ಈಗ ಎಣಿಕೆಗೆ ಬರೋಣ. ಎಣಿಸುವ ಆ್ಯಪ್ ಬೇಡ. ಕೈಗೆ ಫೋನು ಬಂತೆಂದರೆ ಜಪ ಹೋಯಿತು. ಜಪಮಾಲೆಯಾದರೆ ಮಣಿಯನ್ನು ಮಧ್ಯದ ಬೆರಳಿನ ಮೇಲಿಟ್ಟು ಹೆಬ್ಬೆರಳಿನಿಂದ ಎಳೆಯಿರಿ, ತೋರುಬೆರಳು ತಾಗಿಸಬೇಡಿ. ಮಾಲೆಯ ತುದಿಯ ದೊಡ್ಡ ಮಣಿ, ಮೇರುಮಣಿ, ಸಿಕ್ಕಾಗ ದಾಟದೆ ಹಿಂದಕ್ಕೆ ತಿರುಗಿ. ಮಾಲೆ ಇಲ್ಲದಿದ್ದರೆ ಬಲಗೈ ಬೆರಳ ಗೆಣ್ಣುಗಳೇ ಸಾಕು: ಉಂಗುರ ಬೆರಳಿನ ನಡುಗೆಣ್ಣಿನಿಂದ ಹಿಡಿದು ಅದರ ಬುಡ, ಕಿರುಬೆರಳಿನ ಬುಡ, ನಡು, ತುದಿ, ಮತ್ತೆ ಉಂಗುರ ಬೆರಳಿನ ತುದಿ, ಮಧ್ಯದ ಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಅಲ್ಲಿಗೆ ಹತ್ತು. ಮಧ್ಯದ ಬೆರಳಿನ ಕೆಳಗಿನ ಎರಡು ಗೆಣ್ಣು ಮೇರು, ಮುಟ್ಟುವಂತಿಲ್ಲ. ಹತ್ತಾದಾಗಲೆಲ್ಲ ಎಡಗೈಯಲ್ಲಿ ಒಂದು ಗೆಣ್ಣು ಸರಿಸಿ; ನೂರಾದ ಮೇಲೆ ಉಂಗುರ ಬೆರಳಿನ ಬುಡದಿಂದ ತೋರುಬೆರಳಿನ ನಡುವಿನ ತನಕ ಎಂಟು. ಎಲ್ಲಿದ್ದೆ ಎಂಬುದು ಮರೆತರೆ ಆ ಹತ್ತನ್ನಷ್ಟೇ ಮತ್ತೆ ಮಾಡಿ, ಮೊದಲಿನಿಂದ ಬೇಡ. ಮೊದಲಿನಿಂದ ಎಂದು ಹಟ ಹಿಡಿಯುವವರೇ ತಿಂಗಳೊಳಗೆ ಬಿಟ್ಟುಬಿಡುವುದು. ಪಂಚಾಕ್ಷರಿಯಾದರೆ ನಿಧಾನವಾಗಿ ಹೇಳಿದರೂ ಐದಾರು ನಿಮಿಷ. ಆಫೀಸಿನ ಕ್ಯಾಬು ನೈಸ್ ರಸ್ತೆ ಹತ್ತಿದ ಮೇಲೆ ಇನ್ನೊಂದು ಸುತ್ತು ಮಾಡುವುದಾದರೆ ಮಾಡಿ, ಆದರೆ ಅದು ಮನೆಯದಕ್ಕೆ ಬದಲಿ ಅಲ್ಲ.

ದೀಪ ಆರುವುದು ಅಪಶಕುನವೇನಲ್ಲ, ಬತ್ತಿಯ ದೋಷ. ಹತ್ತಿಯನ್ನು ತೀರಾ ಬಿಗಿಯಾಗಿ ಹೊಸೆದರೂ, ದಪ್ಪ ಬತ್ತಿಯನ್ನು ಹಣತೆಯ ಮೂತಿಗೆ ತುರುಕಿದರೂ ಎಣ್ಣೆ ಮೇಲೇರುವುದಿಲ್ಲ. ಬತ್ತಿ ಪೂರ್ತಿ ಎಣ್ಣೆ ಕುಡಿದ ಮೇಲೆ ಹಚ್ಚಿ. ಒಣ ಹತ್ತಿ ತಾನೇ ಉರಿದು ಕರಿಕಟ್ಟುತ್ತದೆ, ಆ ಕರಿ ಎಣ್ಣೆಗೆ ಅಡ್ಡ. ನಿನ್ನೆಯ ಕರಿ ತುದಿಯನ್ನು ಚಿವುಟಿ ಹಾಕಿ, ಇಲ್ಲವೇ ಹೊಸ ಬತ್ತಿ ಇಡಿ. ಫ್ಯಾನು ಆರಿಸಿ.

ಹೊಸ ಅಪಾರ್ಟ್‌ಮೆಂಟುಗಳ ಬಗ್ಗೆ ಹೇಳದೆ ಇರಲಾಗದು. ಎಷ್ಟೋ ಕಡೆ ಟೀವಿ ಗೋಡೆಯ ಪಕ್ಕದಲ್ಲೇ ದೇವರಿಗೊಂದು ಗೂಡು; ಒಬ್ಬರು ಕೂರಲೂ ಜಾಗವಿಲ್ಲ, ನಿಂತೇ ಕೈಮುಗಿಯಬೇಕು. ಎರಡು ಕಾರಿಗೆ ಜಾಗ ಕೇಳಿ ಪಡೆಯುವವರು ಒಂದು ಮಣೆ ಹಾಕಲು ಜಾಗ ಕೇಳುವುದಿಲ್ಲ. ದೇವಸ್ಥಾನಗಳ ಕಥೆ ಬೇರೆಯಲ್ಲ. ಮಕರ ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ, ಟೀವಿಯವರು ಎಡೆಬಿಡದೆ ತೋರಿಸುತ್ತಾರೆ. ಜನವರಿ 1ರಂದು ಬಡಾವಣೆ ಬಡಾವಣೆಯ ಗುಡಿ ಮುಂದೆಯೂ ಸಾಲು. ತಪ್ಪೆನ್ನುತ್ತಿಲ್ಲ. ಆದರೆ ವಿಶೇಷ ದರ್ಶನದ ಚೀಟಿ ಕೊಂಡು, ಒಂದು ಕೈಯಲ್ಲಿ ತೀರ್ಥ ತೆಗೆದುಕೊಂಡು, ಇನ್ನೊಂದರಲ್ಲಿ ಫೋಟೊ ಹೊಡೆದು, ವರ್ಷದ ಬಾಕಿ ಚುಕ್ತಾ ಮಾಡಿದಂತೆ ಹೊರಡುವವರಿಗಿಂತ ಎಣಿಕೆ ತಪ್ಪಿಸಿಕೊಂಡು ದಿನವೂ ಕೂರುವ ನೀವು ನಮಗೆ ಹತ್ತಿರದವರು. ಯಾವುದಾದರೂ ಸಾಧಾರಣ ಮಂಗಳವಾರ ಬೆಳಿಗ್ಗೆ ಗವಿಪುರದ ಕಡೆ ಹೋಗಿ ಬನ್ನಿ, ಕೂರಲು ಜಾಗ ಸಿಗುತ್ತದೆ.

ಕಡೆಯದಾಗಿ ಫೋನು. ದೇವರ ಮನೆಯ ಪ್ಲಗ್ಗಿನಲ್ಲೇ ಚಾರ್ಜಿಗೆ ಹಾಕುತ್ತೇನೆ, ಅದೊಂದೇ ಖಾಲಿ ಇರುವುದು ಎಂದೂ ಬರೆದಿದ್ದೀರಿ. ನಾಳೆಯಿಂದ ಅಡುಗೆಮನೆಯಲ್ಲಿ ಹಾಕಿ. ಮಿಕ್ಸಿಯ ಪ್ಲಗ್ಗು ಹೇಗೂ ಆ ಹೊತ್ತಿಗೆ ಬಿಡುವಾಗಿರುತ್ತದೆ.

– ಸಂ.