ಒನ್ ಪೀಸ್‌ನ ಅಳುಬುರುಕ ಕೋಬಿ ಹೀರೋ ಆಗಿದ್ದನ್ನು ನಂಬೋದು ಹೇಗೆ?

ನೀವು ಕೇಳಿದ್ದು ಇಷ್ಟು: ಕಡಲ್ಗಳ್ಳರ ಕಥೆ ಹೇಳುವ ಜಪಾನಿ ಅನಿಮೆ (ಕಾರ್ಟೂನ್ ಸರಣಿ) ಒನ್ ಪೀಸ್‌ನ ಮೊದಲ ಎಪಿಸೋಡಿನಲ್ಲಿ ಮಾತು ಮಾತಿಗೂ ಅಳುವ ಕನ್ನಡಕದ ಹುಡುಗ ಕೋಬಿ, ಮುಂದೆ ನೌಕಾಪಡೆಯ ಕ್ಯಾಪ್ಟನ್ ಆಗಿ, ಜನ ಹೀರೋ ಅಂತ ಕರೆಯೋ ಮಟ್ಟಕ್ಕೆ ಬಂದುಬಿಡುತ್ತಾನೆ. ಇದು ನಿಜವಾದ ಬೆಳವಣಿಗೆಯಾ, ಇಲ್ಲಾ ಕಥೆಗಾರರು ಸುಮ್ನೆ ಅವನಿಗೆ ಶಕ್ತಿ ತುಂಬಿ ಕಳಿಸಿಬಿಟ್ಟರಾ?

ಶಕ್ತಿಯ ಬಗ್ಗೆ ನಿಮ್ಮ ಅನುಮಾನ ತಪ್ಪಲ್ಲ. ಅದರಲ್ಲಿ ಜಾಸ್ತಿ ಭಾಗ ತೆರೆಯ ಹಿಂದೆಯೇ ನಡೆದುಹೋಗುತ್ತದೆ. ಆದರೆ ನನ್ನ ಪ್ರಕಾರ ಕೋಬಿ ಬೆಳೆದದ್ದು ಅಲ್ಲಲ್ಲ. ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ನೌಕಾಪಡೆಗೂ ಕಡಲ್ಗಳ್ಳರಿಗೂ ನಡೆಯುವ ಮರೀನ್‌ಫೋರ್ಡ್ ಯುದ್ಧದವರೆಗೆ ನೋಡಿಲ್ಲದಿದ್ದರೆ ಇಲ್ಲೇ ನಿಲ್ಲಿಸಿ.

ನನಗೂ ಇದು ಮೊದಲ ಸಲ ನೋಡಿದಾಗ ಹೊಳೆದಿರಲಿಲ್ಲ. ಕಳೆದ ವರ್ಷ ಅಕ್ಕನ ಮಗನ ಜೊತೆ ಕೂತು ಎರಡನೇ ಸಲ ನೋಡುತ್ತಿದ್ದೆ. ಮರೀನ್‌ಫೋರ್ಡ್ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಓಡಿಬಂದು ನೌಕಾಪಡೆಯ ಅಡ್ಮಿರಲ್ ಅಕೈನು ಮುಂದೆ ಎರಡೂ ಕೈ ಚಾಚಿ ನಿಂತ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ಪಕ್ಕದಲ್ಲಿದ್ದವನು ಕೇಳಿದ: 'ಮಾಮ, ಯಾರಿವನು?' ಪಾಪ, ಅವನ ತಪ್ಪಲ್ಲ. 480 ಎಪಿಸೋಡ್ ಹಿಂದೆ ಮೊದಲ ಸಲ ನೋಡಿದ ಮುಖ ಯಾರಿಗೆ ನೆನಪಿರುತ್ತೆ? ಅಲ್ಲೇ ನಿಲ್ಲಿಸಿ ಮೊದಲ ಎಪಿಸೋಡ್ ಹಾಕಿ ತೋರಿಸಿದೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದಾಗಲೇ ನನಗೆ ಕೋಬಿ ಅರ್ಥವಾಗಿದ್ದು.

ಮೊದಲ ಎಪಿಸೋಡ್ ನೆನಪು ಮಾಡಿಕೊಳ್ಳಿ. ಕೋಬಿಗೆ 16 ವರ್ಷ. ಮೀನು ಹಿಡಿಯೋಕೆ ಹೋಗಬೇಕೆಂದು ಹೊರಟವನು ಗೊತ್ತಿಲ್ಲದೆ ಕಡಲ್ಗಳ್ಳಿ ಅಲ್ವಿಡಾಳ ಹಡಗು ಹತ್ತಿಬಿಟ್ಟಿದ್ದ. ಜೀವ ಉಳಿಸಿಕೊಳ್ಳೋಕೆ ಎರಡು ವರ್ಷದಿಂದ ಅಲ್ಲೇ ಚಾಕರಿ. ನೆಲ ಒರೆಸೋದು, ಬೂಟು ತಿಕ್ಕೋದು, ಒದೆ ತಿನ್ನೋದು. ಈ ಸಮುದ್ರದಲ್ಲೆಲ್ಲ ಯಾರು ಚೆಲುವೆ ಅಂತ ಅಲ್ವಿಡಾ ಕೇಳಿದಾಗೆಲ್ಲ, ನೀವೇ ಅಮ್ಮಾವ್ರೇ ಅಂತ ಹಲ್ಲು ಕಿರಿಯೋದು. ಮಾಂಗಾದಲ್ಲಿ, ಅಂದರೆ ಮೂಲ ಕಾಮಿಕ್ಸ್‌ನಲ್ಲಿ, ಇನ್ನೊಂದು ವಿವರ ಇದೆ. ಅವನು ಕದ್ದುಮುಚ್ಚಿ ಒಂದು ಪುಟ್ಟ ದೋಣಿ ಕಟ್ಟಿಟ್ಟಿರುತ್ತಾನೆ. ದೋಣಿ ರೆಡಿ, ಹತ್ತೋಕೆ ಧೈರ್ಯ ಇಲ್ಲ. ನನಗೆ ಆ ದೋಣಿ ತುಂಬ ಇಷ್ಟ. ಪುಕ್ಕಲ ಅಂದರೆ ಏನೂ ಮಾಡದವನಲ್ಲ, ಎಲ್ಲ ಮಾಡಿಟ್ಟುಕೊಂಡು ಕೊನೆಯ ಹೆಜ್ಜೆ ಇಡಲಾಗದವನು.

ಆಮೇಲೆ ಪೀಪಾಯಿಯೊಳಗಿಂದ ಕಥಾನಾಯಕ, ರಬ್ಬರ್ ಮೈಯ ಲೂಫಿ ಎದ್ದು ಬರುತ್ತಾನೆ. ಕಡಲ್ಗಳ್ಳರ ರಾಜ ಆಗ್ತೀನಿ ಅನ್ನುತ್ತಾನೆ. ಕೋಬಿ ಸಾಧ್ಯವೇ ಇಲ್ಲ, ಸಾಧ್ಯವೇ ಇಲ್ಲ ಅಂತ ಬಡಬಡಿಸಿ ತಲೆಗೊಂದು ಏಟು ತಿನ್ನುತ್ತಾನೆ. ಅದಕ್ಕಾಗಿ ಹೋರಾಡಿ ಸತ್ತರೂ ಪರವಾಗಿಲ್ಲ ಅನ್ನೋದು ಲೂಫಿಯ ಲೆಕ್ಕ. ಕೋಬಿಗೆ ಸಾವನ್ನು ಹಾಗೂ ನೋಡಬಹುದು ಅಂತ ಆವರೆಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಲ್ವಿಡಾ ಕಬ್ಬಿಣದ ಗದೆ ಹಿಡಿದು ಬಂದು ಅದೇ ಚೆಲುವೆ ಪ್ರಶ್ನೆ ಕೇಳುತ್ತಾಳೆ. ಅವನು ಬಾಯಿ ತುಂಬ ಬೈದುಬಿಡುತ್ತಾನೆ. ನೌಕಾಪಡೆ ಸೇರಿ ನಿನ್ನಂಥವರನ್ನೇ ಹಿಡೀತೀನಿ ಅಂತಾನೆ. ಗದೆ ಎದ್ದಾಗ ಓಡುವುದಿಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ, ಕಾಲು ಗಡಗಡ. ಆದರೂ ಹೇಳಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಏಟನ್ನು ಲೂಫಿ ತನ್ನ ರಬ್ಬರ್ ತಲೆಯ ಮೇಲೆ ತಗೊಳ್ಳುತ್ತಾನೆ.

ಈಗ ಮರೀನ್‌ಫೋರ್ಡ್. ಟಿವಿಯಲ್ಲಿ ಮೊದಲ ಎಪಿಸೋಡ್ ಬಂದದ್ದು 1999ರಲ್ಲಿ, ಇದು 2011ರಲ್ಲಿ. ಕಥೆಯೊಳಗೆ ಮಾತ್ರ ಅಷ್ಟೇನೂ ಕಾಲ ಕಳೆದಿಲ್ಲ, ಕೋಬಿ ಇನ್ನೂ ಹುಡುಗನೇ. ಲೂಫಿಯ ಅಣ್ಣ ಏಸ್ ಸತ್ತಿದ್ದಾನೆ. ಕಡಲ್ಗಳ್ಳರ ನಾಯಕ ವೈಟ್‌ಬಿಯರ್ಡ್ ಸತ್ತಿದ್ದಾನೆ. ಪ್ರಜ್ಞೆ ತಪ್ಪಿದ ಲೂಫಿಯನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ನೌಕಾಪಡೆ ಗೆದ್ದಾಗಿದೆ. ಆದರೂ ಅಕೈನು ಬಿಡುತ್ತಿಲ್ಲ, ಓಡುವವರನ್ನೂ ಅಟ್ಟಿಸಿಕೊಂಡು ಹೋಗಿ ಕೊಲ್ಲಿಸುತ್ತಿದ್ದಾನೆ. ಇತ್ತ ಗಾಯವಾದ ತಮ್ಮದೇ ಸೈನಿಕರಿಗೆ ಮದ್ದು ಹಾಕುವವರಿಲ್ಲ, ಅವರನ್ನೇ ತುಳಿದುಕೊಂಡು ಮುಂದೆ ಹೋಗುತ್ತಿದ್ದಾರೆ. ಅದೇ ಹೊತ್ತಿಗೆ ಕೋಬಿಯೊಳಗೆ 'ಹಾಕಿ' ಅನ್ನೋ ಒಳಶಕ್ತಿ ಎಚ್ಚರವಾಗುತ್ತದೆ, ಸಾಯುತ್ತಿರುವ ಒಬ್ಬೊಬ್ಬರ ದನಿಯೂ ತಲೆಯೊಳಗೆ ಕೇಳುತ್ತದೆ. ಹೊಸ ಶಕ್ತಿ ಬಂದರೆ ಬೇರೆ ಪಾತ್ರಗಳು ಎದುರಾಳಿಯನ್ನು ಹೊಡೆದುರುಳಿಸುತ್ತವೆ. ಇವನು ತಲೆ ಹಿಡಿದುಕೊಂಡು ಅಳುತ್ತಾನೆ.

ಹಾಗೆ ಅಳುತ್ತಲೇ ಹೋಗಿ ಅಡ್ಡ ನಿಲ್ಲುತ್ತಾನೆ. ಸಾಕು ನಿಲ್ಲಿಸಿ, ಸುಮ್ಮನೆ ಜೀವ ಹಾಳಾಗುತ್ತಿದೆ ಅಂತ ಕೂಗುತ್ತಾನೆ. ಗಂಟಲು ಒಡೆದುಹೋಗಿರುತ್ತದೆ. (ಜಪಾನಿಯಲ್ಲಿ ದನಿ ಕೊಟ್ಟಿರುವುದು ಮಿಕಾ ದೋಯಿ. ದಯವಿಟ್ಟು ಇದೊಂದನ್ನಾದರೂ ಡಬ್ಬಿಂಗ್ ಬಿಟ್ಟು ಮೂಲದಲ್ಲೇ ನೋಡಿ.) ಕೆಲವು ಸೆಕೆಂಡ್ ಹಾಳು ಮಾಡಿದೆ ಅಂತ ಅಕೈನು ಕುದಿಯುವ ಲಾವಾದ ಮುಷ್ಟಿ ಎತ್ತುತ್ತಾನೆ. ಇಲ್ಲೂ ಕೋಬಿ ಓಡುವುದಿಲ್ಲ, ಇಲ್ಲೂ ಪಶ್ಚಾತ್ತಾಪ ಇಲ್ಲ. ಏಟನ್ನು ಇನ್ನೊಬ್ಬ ಕಡಲ್ಗಳ್ಳರ ನಾಯಕ ಶಾಂಕ್ಸ್ ತನ್ನ ಕತ್ತಿಯಿಂದ ತಡೆಯುತ್ತಾನೆ. ಹುಡುಗ ಅಲ್ಲೇ ಮೂರ್ಛೆ ಹೋಗುತ್ತಾನೆ. ಅಲ್ಲಿ ಏಟು ತಗೊಂಡವನ ತಲೆಯ ಮೇಲಿದ್ದ ಹುಲ್ಲಿನ ಟೋಪಿ, ಇಲ್ಲಿ ತಡೆದವನೇ ಅವನಿಗೆ ಕೊಟ್ಟದ್ದು!

ಅಂದರೆ ಕೋಬಿ ಮಾಡಿದ್ದು ಎರಡೂ ಸಲ ಒಂದೇ ಕೆಲಸ. ಹೇಳಬಾರದ ಹೊತ್ತಿನಲ್ಲಿ, ಹೇಳಬಾರದವರ ಮುಖಕ್ಕೆ, ಅಳುತ್ತಾ ನಿಜ ಹೇಳೋದು. ಎರಡನೇ ಸಲವೂ ಅವನ ಕೈಯಲ್ಲಿ ಏಟು ತಡೆಯೋ ಶಕ್ತಿ ಇರಲಿಲ್ಲ. ಹೆದರಿಕೆಯೂ ಹೋಗಿರಲಿಲ್ಲ. ಬದಲಾಗಿದ್ದು ಯಾರಿಗೋಸ್ಕರ ಅನ್ನೋದು. ಮೊದಲ ಸಲ ತನ್ನ ಕನಸಿಗೋಸ್ಕರ. ಎರಡನೇ ಸಲ ಹೆಸರೂ ಗೊತ್ತಿಲ್ಲದ ಗಾಯಾಳುಗಳಿಗೋಸ್ಕರ, ಅದರಲ್ಲಿ ಅರ್ಧ ಜನ ಶತ್ರುಗಳು. ಮೊದಲ ಸಲ ಎದುರಿಗಿದ್ದವಳು ಕಳ್ಳಿ. ಎರಡನೇ ಸಲ ತನ್ನದೇ ಪಡೆಯ ಅಡ್ಮಿರಲ್. ವಾಟರ್ ಸೆವೆನ್ ಅನ್ನೋ ಊರಲ್ಲಿ ಲೂಫಿ ಮತ್ತೆ ಸಿಕ್ಕಾಗ, ನಾನು ಅಡ್ಮಿರಲ್ ಆಗ್ತೀನಿ ಅಂತ ಇದೇ ಕೋಬಿ ಹೇಳಿ, ಆಮೇಲೆ ನಾಚಿಕೊಂಡಿದ್ದ ನೆನಪಿದೆಯಾ? ತಾನು ಏನಾಗಬೇಕು ಅಂದುಕೊಂಡಿದ್ದನೋ ಅದೇ ಎದುರಿಗೆ ನಿಂತಿದೆ. ಅದಕ್ಕೇ ಅವನು ಸಾಕು ಅನ್ನುತ್ತಿರುವುದು. ಈ ತರಹದ ಬೆಳವಣಿಗೆ ಲೂಫಿಯ ಬಲಗೈ ಜೋರೋಗೂ ಸಿಕ್ಕಿಲ್ಲ ಅಂತ ಹೇಳಿದರೆ ನನ್ನ ಮೇಲೆ ಜಗಳಕ್ಕೆ ಬರಬೇಡಿ.

ಈ ಎರಡರ ಮಧ್ಯೆ ಏನಾಯಿತು ಅನ್ನೋದು ಬಹಳ ಜನಕ್ಕೆ ತಪ್ಪಿಹೋಗುತ್ತದೆ. ಮಾಂಗಾದಲ್ಲಿ ಕಥೆಗಾರ ಓದಾ ಅದನ್ನು 83ರಿಂದ 119ನೇ ಅಧ್ಯಾಯದ ನಡುವೆ, ಅಧ್ಯಾಯಗಳ ಮೊದಲ ಪುಟದ ಪುಟ್ಟ ಚಿತ್ರಗಳಲ್ಲೇ ಹೇಳಿ ಮುಗಿಸಿದ್ದಾರೆ. ಅನಿಮೆಯಲ್ಲಿ ಅದು 68, 69ನೇ ಎಪಿಸೋಡ್. ನಾನು ಮೊದಲ ಸಲ ಎರಡನ್ನೂ ಫಿಲ್ಲರ್ (ಮೂಲ ಕಥೆಗೆ ಸೇರದ ಎಪಿಸೋಡ್) ಅಂದುಕೊಂಡು ಹಾರಿಸಿದ್ದೆ, ದಡ್ಡ. ಅಲ್ಲಿ ಕೋಬಿಯ ಜೊತೆ ನೆಲ ಒರೆಸುತ್ತಿರುವವನು ಹೆಲ್ಮೆಪ್ಪೋ. ಶುರುವಿನ ಎಪಿಸೋಡ್‌ಗಳಲ್ಲೇ, ಶೆಲ್ಸ್ ಟೌನ್ ಅನ್ನೋ ಊರಲ್ಲಿ ಕೋಬಿಯ ತಲೆಗೆ ಪಿಸ್ತೂಲು ಹಿಡಿದಿದ್ದ, ನೌಕಾಪಡೆಯ ಕ್ಯಾಪ್ಟನ್ ಮಾರ್ಗನ್‌ನ ಮುದ್ದಿನ ಮಗ. ಅಪ್ಪ ಸೆರೆಯಾದ ಮೇಲೆ ಇವನೂ ಕಸ ಗುಡಿಸೋನೇ. ಮಾರ್ಗನ್ ತಪ್ಪಿಸಿಕೊಳ್ಳುವಾಗ ಸ್ವಂತ ಮಗನನ್ನೇ ಒತ್ತೆಯಾಗಿ ಎಳೆದುಕೊಂಡು ಹೋಗುತ್ತಾನೆ, ಕೋಬಿ ಅವನ ಬೆನ್ನು ಬೀಳುತ್ತಾನೆ. ಆಮೇಲೆ ಇಬ್ಬರನ್ನೂ ಗಾರ್ಪ್ ತನ್ನ ಕೈಕೆಳಗೆ ತಗೊಳ್ಳುತ್ತಾನೆ. ಗಾರ್ಪ್ ಅಂದರೆ ಲೂಫಿಯ ತಾತ, ನೌಕಾಪಡೆಯ ಹಿರಿಯ, ಪ್ರೀತಿಯನ್ನೂ ಗುದ್ದಿನಲ್ಲೇ ತೋರಿಸೋ ಮನುಷ್ಯ. ತಲೆಗೆ ಪಿಸ್ತೂಲು ಹಿಡಿದವನನ್ನೇ ಗೆಳೆಯ ಮಾಡಿಕೊಂಡ ಹುಡುಗ ಮುಂದೆ ಶತ್ರುವಿನ ಜೀವಕ್ಕೂ ಅಡ್ಡ ನಿಂತರೆ ಆಶ್ಚರ್ಯ ಏನಿದೆ?

ಶೆಲ್ಸ್ ಟೌನ್‌ನದೇ ಇನ್ನೊಂದು ಹೇಳಲೇಬೇಕು. ನೀನು ಈ ಕಡಲ್ಗಳ್ಳ ಲೂಫಿಯ ಕಡೆಯವನಲ್ಲವಾ ಅಂತ ನೌಕಾಪಡೆಯವರು ಕೋಬಿಯನ್ನು ಕೇಳುತ್ತಾರೆ. ಲೂಫಿ ಬೇಕಂತಲೇ ಅಲ್ವಿಡಾಳ ಕಥೆ ಬಿಚ್ಚೋಕೆ ಶುರು ಮಾಡುತ್ತಾನೆ. ತಡೆಯಲಾರದೆ ಕೋಬಿ ಲೂಫಿಯ ಮುಖಕ್ಕೆ ಗುದ್ದುತ್ತಾನೆ. ಲೂಫಿ ತಿರುಗಿಸಿ ಚೆನ್ನಾಗಿ ಬಾರಿಸುತ್ತಾನೆ. ಇಬ್ಬರೂ ಗೆಳೆಯರಲ್ಲ ಅಂತ ಎಲ್ಲರಿಗೂ ಖಾತ್ರಿಯಾಗಲಿ ಅನ್ನೋದೇ ಆ ನಾಟಕ. ಕೋಬಿ ಕೊಟ್ಟ ಮೊದಲ ಗುದ್ದು, ಬಿದ್ದದ್ದು ತನ್ನ ಮೊದಲ ಗೆಳೆಯನಿಗೆ. ಅದು ಉಪಕಾರ ಅಂತ ಅವನಿಗೆ ಆಮೇಲೆ ಅರ್ಥವಾಗುತ್ತದೆ, ದಡದಲ್ಲಿ ನಿಂತು ಅಳುತ್ತಾ ಸೆಲ್ಯೂಟ್ ಹೊಡೆಯುತ್ತಾನೆ.

ಮರೀನ್‌ಫೋರ್ಡ್ ಆಗಿ ಎರಡು ವರ್ಷದ ನಂತರದ ಕೋಬಿಯ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಕ್ಯಾಪ್ಟನ್ ಆಗಿದ್ದಾನೆ, ಹಣೆಯ ಮೇಲೆ ಗಾಯದ ಗುರುತು, ರಾಕಿ ಪೋರ್ಟ್ ಘಟನೆಯಲ್ಲಿ ಜನರನ್ನು ಉಳಿಸಿ ಹೆಸರು ಮಾಡಿದ್ದಾನಂತೆ. ಈ 'ಅಂತೆ'ಯೇ ನನ್ನ ತಕರಾರು. ಹೀರೋ ಆಗಿದ್ದನ್ನು ತೋರಿಸದೆ ಬರೀ ಹೇಳಿದರೆ ನಿಮ್ಮಂಥವರಿಗೆ ಅನುಮಾನ ಬರೋದು ಸಹಜ. ಹಚಿನೋಸು ದ್ವೀಪದಲ್ಲಿ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ಕಡೆಯವರ ಸೆರೆಯಿಂದ ಅವನನ್ನು ಬಿಡಿಸೋಕೆ ಗಾರ್ಪ್ ಬಂದಾಗ, ದ್ವೀಪದಿಂದ ಎದ್ದ ದೈತ್ಯ ಕೈಯನ್ನು ಕೋಬಿ ಒಂದೇ ಗುದ್ದಿಗೆ ಪುಡಿ ಮಾಡುತ್ತಾನೆ. ನೋಡೋಕೆ ಮೈ ಜುಂ ಅನ್ನುತ್ತೆ, ನಿಜ. ಆದರೆ ಗುದ್ದುವವರು ಒನ್ ಪೀಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸಮಯ ಇಲ್ಲದಿದ್ದರೆ 1ರಿಂದ 3, ಆಮೇಲೆ 68 ಮತ್ತು 69, ಆಮೇಲೆ 488ನೇ ಎಪಿಸೋಡ್ ಒಟ್ಟಿಗೆ ನೋಡಿ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸರಣಿಯೂ ಪರವಾಗಿಲ್ಲ. ಅಲ್ಲಿ ಕೋಬಿಯನ್ನು ಶುರುವಿನಲ್ಲೇ ಬಿಟ್ಟುಬಿಡದೆ, ಗಾರ್ಪ್ ಜೊತೆ ಕೊನೆಯವರೆಗೂ ಕರೆದುಕೊಂಡು ಹೋಗಿದ್ದಾರೆ.

ಅಕ್ಕನ ಮಗ ಈಗ ಕಥೆಯ ಡ್ರೆಸ್‌ರೋಸಾ ಭಾಗ ನೋಡುತ್ತಿದ್ದಾನೆ. ವಾರಕ್ಕೊಂದು ಸಲ ಫೋನ್ ಮಾಡಿ, ಕೋಬಿ ಮತ್ತೆ ಯಾವಾಗ ಬರ್ತಾನೆ ಮಾಮ ಅಂತ ಕೇಳುತ್ತಾನೆ. ಇನ್ನೂ ನೂರಕ್ಕಿಂತ ಜಾಸ್ತಿ ಎಪಿಸೋಡ್ ಇದೆ ಅಂತ ಹೇಳೋಕೆ ಮನಸ್ಸು ಬಂದಿಲ್ಲ.